ಹಳೆಯ ಎಫ್-150 ಪಿಕಪ್: ಹೊರಗೆ ಮೈನಸ್ 30, ಹೀಟರಿನಿಂದ ತಣ್ಣನೆಯ ಗಾಳಿ

ಶಿರಸಿಯಿಂದ ಸಾಸ್ಕಟೂನ್ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಹಳೆಯ ಪೆಟ್ರೋಲ್ ಗಾಡಿಗಳನ್ನು ಬಲ್ಲವರು ಯಾರಾದರೂ ಇದ್ದರೆ ದಯವಿಟ್ಟು ಉತ್ತರಿಸಿ. ನನಗೆ ಇದು ತುರ್ತು.

ಗಾಡಿ 1994ರ ಫೋರ್ಡ್ ಎಫ್-150. 4.9 ಲೀಟರ್, ಆರು ಸಿಲಿಂಡರ್, ಕೈಯಿಂದ ಬದಲಿಸುವ ಗೇರ್. ಊರಾಚೆಯ ಒಬ್ಬ ಹಿರಿಯ ರೈತರಿಂದ ಬೇಸಿಗೆಯಲ್ಲಿ ಕೊಂಡೆವು. ಎಂಜಿನ್ ಗಟ್ಟಿಮುಟ್ಟಾಗಿದೆ, ಬೆಳಿಗ್ಗೆ ಒಂದೇ ಸೆಲ್ಫ್ ಸ್ಟಾರ್ಟಿಗೆ ಎದ್ದು ನಿಲ್ಲುತ್ತದೆ. ಆಗ ಹೀಟರ್ ಪರೀಕ್ಷಿಸುವ ಯೋಚನೆ ಯಾರಿಗೆ ಬರುತ್ತದೆ ಹೇಳಿ. ಈಗ ಸಾಸ್ಕಾಚುವಾನಿನ ಜನವರಿ. ಹೀಟರಿನ ಸನ್ನೆಯನ್ನು (ಲಿವರ್) ಕೆಂಪು ಬಣ್ಣದ ಕೊನೆಯವರೆಗೆ ತಳ್ಳಿದರೂ ಬರುವುದು ತಂಗಾಳಿ.

ನನಗೆ ವೃದ್ಧಾಶ್ರಮದಲ್ಲಿ ರಾತ್ರಿ ಪಾಳಿಯ ಕೆಲಸ. ಹೆದ್ದಾರಿಯಲ್ಲಿ ಮುಕ್ಕಾಲು ಗಂಟೆಯ ದಾರಿ, ನಡುವೆ ಒಂದು ಪೆಟ್ರೋಲ್ ಬಂಕ್ ಬಿಟ್ಟರೆ ಬಯಲೇ ಬಯಲು. ನಾನು ಬಿಟ್ಟ ಉಸಿರು ಮುಂದಿನ ಗಾಜಿನ ಒಳಮೈಯಲ್ಲಿ ಹೆಪ್ಪುಗಟ್ಟುತ್ತದೆ. ಹಳೆಯ ಬ್ಯಾಂಕ್ ಕಾರ್ಡಿನಿಂದ ಅಂಗೈಯಗಲ ಕೆರೆದುಕೊಂಡು ಅಷ್ಟರಲ್ಲೇ ರಸ್ತೆ ನೋಡಬೇಕು. ಕಾಲಿನ ಬೆರಳು ಮರಗಟ್ಟುವುದನ್ನು ತಡೆದುಕೊಳ್ಳಬಹುದು, ರಸ್ತೆಯೇ ಕಾಣದಿದ್ದರೆ ಏನು ಮಾಡಲಿ?

ಗಮನಿಸಿದ್ದನ್ನು ಹೇಳುತ್ತೇನೆ. ಬ್ಲೋವರ್ ಎಲ್ಲ ವೇಗದಲ್ಲೂ ಓಡುತ್ತದೆ. ಗಾಳಿಯನ್ನು ಕಾಲಿಗೆ, ಮುಖಕ್ಕೆ, ಗಾಜಿಗೆ ಎಂದು ತಿರುಗಿಸಿದರೆ ಸರಿಯಾಗಿ ತಿರುಗುತ್ತದೆ. ಕಾಲಡಿಯ ಹಾಸು ಒಣಗಿದೆ, ಕೂಲಂಟ್ (ಎಂಜಿನ್ ತಣಿಸುವ ದ್ರವ) ಸೋರಿದ ಸಿಹಿ ವಾಸನೆಯೂ ಇಲ್ಲ. ಪೆಟ್ರೋಲ್ ಮಾತ್ರ ಮೊದಲಿಗಿಂತ ಹೆಚ್ಚು ಕುಡಿಯುತ್ತಿದೆ. ಇಲ್ಲಿನ ಒಂದು ಗ್ಯಾರೇಜಿನವರು ಬಾನೆಟ್ ಕೂಡ ಎತ್ತದೆ "ಹೀಟರ್ ಕೋರ್ (ಗಾಳಿಯನ್ನು ಬಿಸಿ ಮಾಡುವ ಚಿಕ್ಕ ರೇಡಿಯೇಟರ್) ಹೋಗಿದೆ, ಡ್ಯಾಶ್‌ಬೋರ್ಡ್ ಪೂರ್ತಿ ಬಿಚ್ಚಬೇಕು" ಎಂದು 1,200 ಡಾಲರ್ ಕೇಳಿದರು. ಅಷ್ಟು ಹಣ ಸದ್ಯಕ್ಕೆ ನಮ್ಮಲ್ಲಿಲ್ಲ. ಮೊದಲು ಎಲ್ಲಿ ನೋಡಬೇಕು?

ಕ್ಯಾಲ್ಗರಿ ಕನ್ನಡಿಗ

ಮೊದಲು ಕೂಲಂಟ್ ಎಷ್ಟಿದೆ ನೋಡಿ. ಕಡಿಮೆಯಾದರೆ ಮೊದಲು ಕೈಕೊಡುವುದು ಹೀಟರೇ, ಏಕೆಂದರೆ ಅದರ ಪೈಪುಗಳು ಎತ್ತರದಲ್ಲಿರುತ್ತವೆ, ಗಾಳಿ ಅಲ್ಲಿ ಸೇರಿಕೊಳ್ಳುತ್ತದೆ. ಮಟ್ಟ ಸರಿಯಿದ್ದರೆ ಕೋರಿನಲ್ಲಿ ಕೆಸರು ಕಟ್ಟಿರಬಹುದು. ಅಂಗಡಿಯಲ್ಲಿ ಸಿಗುವ ಸ್ವಚ್ಛಗೊಳಿಸುವ ದ್ರಾವಣ ಒಂದು ಬಾಟಲಿ ಸುರಿದು ನೋಡಿ. ಅಲ್ಲಿಯವರೆಗೆ ರೇಡಿಯೇಟರಿನ ಮುಂದೆ ರಟ್ಟು ಸಿಕ್ಕಿಸಿಕೊಳ್ಳಿ, ಇಲ್ಲಿ ಎಷ್ಟೋ ಜನ ಹಾಗೆ ಮಾಡುತ್ತಾರೆ.

ವಿಂಡ್ಸರ್ ಗ್ಯಾರೇಜು

ತಂಗಿ, ಯಾವ ಬಾಟಲಿಯನ್ನೂ ಸುರಿಯಬೇಡಿ, ಯಾವ ಸಾಮಾನನ್ನೂ ಕೊಳ್ಳಬೇಡಿ. ಇನ್ನೂ ಏನೂ ಪರೀಕ್ಷೆಯಾಗಿಲ್ಲ. ಬಾನೆಟ್ ಎತ್ತದೆ 1,200 ಡಾಲರ್ ಹೇಳಿದ್ದನ್ನು ಓದಿ ನನಗೆ ಬೇಸರವಾಯಿತು. ಅದಕ್ಕಿಂತ ಹೆಚ್ಚಾಗಿ, ನಿಮ್ಮ ಮಾದರಿಯಲ್ಲಿ ಹೀಟರ್ ಕೋರ್ ಬದಲಿಸಲು ಡ್ಯಾಶ್‌ಬೋರ್ಡ್ ಬಿಚ್ಚಬೇಕಾಗಿಯೇ ಇಲ್ಲ. 1987ರಿಂದ 1996ರವರೆಗಿನ ಎಫ್-150ಯಲ್ಲಿ ಕೋರ್ ಇರುವುದು ಪಕ್ಕದ ಸೀಟಿನ ಎದುರಿನ ಕೈಪೆಟ್ಟಿಗೆಯ (ಗ್ಲವ್ ಬಾಕ್ಸ್) ಹಿಂದೆ. ಪೆಟ್ಟಿಗೆ ತೆಗೆದು ಹಿಂದಿನ ಮುಚ್ಚಳದ ಸ್ಕ್ರೂ ಬಿಚ್ಚಿದರೆ ಕೋರ್ ಕೈಗೆ ಬರುತ್ತದೆ.

ಈ ಹೀಟರಿಗೆ ತನ್ನದೇ ಬೆಂಕಿಯಿಲ್ಲ. ಎಂಜಿನ್ನಿನ ಬಿಸಿ ಕೂಲಂಟ್ ಒಂದು ಪೈಪಿನಲ್ಲಿ ಕೋರಿಗೆ ಬಂದು ಇನ್ನೊಂದರಲ್ಲಿ ಹಿಂದಿರುಗುತ್ತದೆ. ಬ್ಲೋವರ್ ಕೋರಿನ ಮೂಲಕ ಗಾಳಿ ಊದುತ್ತದೆ. ತಣ್ಣನೆಯ ಗಾಳಿ ಬಂದರೆ ಕಾರಣ ಮೂರರಲ್ಲಿ ಒಂದು: ಎಂಜಿನ್ನೇ ಬಿಸಿಯಾಗುತ್ತಿಲ್ಲ, ಬಿಸಿ ಕೋರಿನವರೆಗೆ ತಲುಪುತ್ತಿಲ್ಲ, ಅಥವಾ ಕೋರ್ ಬಿಸಿಯಿದ್ದರೂ ಗಾಳಿ ಅದರ ಮೂಲಕ ಹಾದು ಬರುತ್ತಿಲ್ಲ. ಇದು ಯಾವುದೆಂದು ನಿಮ್ಮ ಕೈಯೇ ಹೇಳುತ್ತದೆ, ಉಪಕರಣ ಬೇಕಾಗಿಲ್ಲ.

ಎಂಜಿನ್ ಪೂರ್ತಿ ತಣ್ಣಗಿರುವಾಗ ರೇಡಿಯೇಟರಿನ ಮುಚ್ಚಳವನ್ನೇ ತೆಗೆದು ನೋಡಿ. ಪಕ್ಕದ ಪ್ಲಾಸ್ಟಿಕ್ ತೊಟ್ಟಿಯನ್ನು ನಂಬಬೇಡಿ. ಮುಚ್ಚಳದ ರಬ್ಬರ್ ಹಳತಾದರೆ ತೊಟ್ಟಿ ತುಂಬಿದ್ದರೂ ರೇಡಿಯೇಟರ್ ಖಾಲಿಯಿರಬಹುದು. ಬಿಸಿಯಿರುವಾಗ ಮುಚ್ಚಳ ಮುಟ್ಟಲೇಬಾರದು; ಒಳಗಿನ ಒತ್ತಡಕ್ಕೆ ಕುದಿಯುವ ಕೂಲಂಟ್ ಮುಖಕ್ಕೆ ಚಿಮ್ಮುತ್ತದೆ, ಸುಟ್ಟವರನ್ನು ನಾನು ಕಂಡಿದ್ದೇನೆ.

ಆಮೇಲೆ ಅರ್ಧ ಗಂಟೆ ಗಾಡಿ ಓಡಿಸಿ ಬಂದು ಬಾನೆಟ್ ಎತ್ತಿ. ಕ್ಯಾಬಿನ್ನಿನ ಮುಂದಿನ ತಗಡಿನ ಗೋಡೆಯಲ್ಲಿ, ಪಕ್ಕದ ಸೀಟಿನ ಕಡೆ, ಹೆಬ್ಬೆರಳು ದಪ್ಪದ ಎರಡು ರಬ್ಬರ್ ಪೈಪುಗಳು ಒಳಹೋಗುತ್ತವೆ. ಶಾಲು, ಸಡಿಲ ತೋಳು ಫ್ಯಾನಿನ ಹತ್ತಿರ ಸುಳಿಯದಂತೆ ನೋಡಿಕೊಂಡು ಎರಡನ್ನೂ ಮುಟ್ಟಿ. ಮುಚ್ಚಿದ ಶೆಡ್ಡಿನೊಳಗೆ ಎಂಜಿನ್ ಓಡಿಸಿಕೊಂಡು ಇದನ್ನು ಮಾಡಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ಅದು ಪ್ರಾಣ ತೆಗೆಯುತ್ತದೆ.

ಎರಡೂ ಹಿಡಿಯಲಾರದಷ್ಟು ಬಿಸಿಯಿದ್ದರೆ ಕೋರಿಗೆ ಬಿಸಿ ಬರುತ್ತಿದೆ ಎಂದರ್ಥ. ಆಗ ನೋಡಬೇಕಾದದ್ದು ಡ್ಯಾಶ್‌ಬೋರ್ಡಿನೊಳಗೆ ಬಿಸಿ-ತಣ್ಣನೆ ಬೆರೆಸುವ ಬಾಗಿಲನ್ನು. ನಿಮ್ಮ ಗಾಡಿಯಲ್ಲಿ ಅದನ್ನು ಎಳೆಯುವುದು ತಂತಿ. ಅದು ಕಳಚಿದ್ದರೆ ಸನ್ನೆ ಹಗುರವಾಗಿ ಓಡಾಡುತ್ತದೆ, ಬಾಗಿಲು ಮಿಸುಕುವುದಿಲ್ಲ. ಒಂದು ಬಿಸಿ, ಇನ್ನೊಂದು ತಣ್ಣಗಿದ್ದರೆ ಕೋರ್ ಕಟ್ಟಿದೆ, ಅಥವಾ ಪೈಪಿನ ನಡುವೆ ವಾಲ್ವ್ ಇದ್ದರೆ ಅದು ಮುಚ್ಚಿಕೊಂಡಿದೆ. ಎರಡೂ ಉಗುರುಬೆಚ್ಚಗಿದ್ದರೆ ಥರ್ಮೋಸ್ಟಾಟ್ (ಕೂಲಂಟನ್ನು ರೇಡಿಯೇಟರಿಗೆ ಬಿಡುವ, ತಡೆಯುವ ವಾಲ್ವ್), ಕೂಲಂಟ್ ಮಟ್ಟ, ಒಳಗೆ ಸೇರಿದ ಗಾಳಿ, ಈ ಕಡೆ ಹೋಗಬೇಕು.

ಇನ್ನೊಂದನ್ನು ಗಮನಿಸಿ ಬರೆಯಿರಿ. ತಾಪದ ಮೀಟರಿನಲ್ಲಿ ನಾರ್ಮಲ್ ಎಂಬ ಪದ ಅಡ್ಡಲಾಗಿ ಅಚ್ಚಾಗಿದೆಯಲ್ಲ, ಮುಳ್ಳು ಆ ಪದವನ್ನು ಮುಟ್ಟುತ್ತದೆಯೇ? ಹೆದ್ದಾರಿಯಲ್ಲಿ ಏನಾಗುತ್ತದೆ, ನಿಂತಲ್ಲಿ ಏನಾಗುತ್ತದೆ?

ರಟ್ಟಿನ ಬಗ್ಗೆ: ರೇಡಿಯೇಟರಿನ ಅರ್ಧದಷ್ಟು ಮುಚ್ಚಿ, ಮುಳ್ಳಿನ ಮೇಲೆ ಕಣ್ಣಿಟ್ಟು, ನಾಲ್ಕು ದಿನ ದೂಡಬಹುದು. ರೋಗ ಅದರಿಂದ ವಾಸಿಯಾಗದು.

ಹುಬ್ಬಳ್ಳಿ ಮೆಕ್ಯಾನಿಕ್

ಮೇಲಿನವರು ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ ಅಕ್ಕಾ. ನಮ್ಮ ಕಡೆ ಹೀಟರ್ ಕೋರ್ ಸೋರಿದರೆ ಎಷ್ಟೋ ಜನ ಬದಲಿಸುವುದಿಲ್ಲ, ಎರಡೂ ಪೈಪುಗಳನ್ನು ಒಂದಕ್ಕೊಂದು ಜೋಡಿಸಿ ಕ್ಲಾಂಪ್ ಬಿಗಿದು ಕಳುಹಿಸುತ್ತಾರೆ. ಎಂಜಿನ್ ಅತಿಯಾಗಿ ಬಿಸಿಯಾಗುತ್ತದೆ ಎಂದು ಥರ್ಮೋಸ್ಟಾಟನ್ನೇ ಕಿತ್ತು ಖಾಲಿ ಬಿಡುವುದೂ ಉಂಟು. ನಮ್ಮ ಬಿಸಿಲಿನಲ್ಲಿ ನಡೆದುಹೋಗುತ್ತದೆ, ಆದರೂ ಎಂಜಿನ್ನಿಗೆ ಒಳ್ಳೆಯದಲ್ಲ. ಗದ್ದೆ ಕೆಲಸದ ಗಾಡಿ, ಬೇಸಿಗೆಯಲ್ಲಿ ದುಡಿದದ್ದು. ಹಿಂದಿನ ಮಾಲೀಕರು ಇಂಥದ್ದೇನಾದರೂ ಮಾಡಿದ್ದಾರೆಯೇ ಎಂದು ಅವರನ್ನೇ ಕೇಳಿ. ಪೈಪು ಎರಡೂ ನಿಜವಾಗಿ ಗೋಡೆಯೊಳಗೆ ಹೋಗುತ್ತವೆಯೇ ಎಂದೂ ನೋಡಿ.

ಶಿರಸಿಯಿಂದ ಸಾಸ್ಕಟೂನ್

ಅಣ್ಣಂದಿರಿಗೆ ತುಂಬಾ ಉಪಕಾರವಾಯಿತು. ಹೇಳಿದಂತೆ ನೋಡಿದೆವು. ರೇಡಿಯೇಟರ್ ಬಾಯಿವರೆಗೆ ತುಂಬಿದೆ, ಕೂಲಂಟ್ ತಿಳಿ ಹಸಿರು. ಪೈಪು ಎರಡೂ ಒಳಗೆ ಹೋಗುತ್ತವೆ. ಮುಟ್ಟಿದರೆ ಎರಡೂ ಒಂದೇ ಸಮ, ಮಗುವಿಗೆ ಸ್ನಾನ ಮಾಡಿಸುವ ನೀರಿನಷ್ಟು ಬೆಚ್ಚಗೆ, ಅಷ್ಟೇ. ಮುಳ್ಳು ಹೆದ್ದಾರಿಯಲ್ಲಿ ತಳದಲ್ಲೇ ಮಲಗಿರುತ್ತದೆ. ಆಸ್ಪತ್ರೆಯ ಹತ್ತಿರದ ಸಿಗ್ನಲ್ಲಿನಲ್ಲಿ ನಿಂತಾಗ ನಿಧಾನವಾಗಿ ಏರಿ ಪದದ ಮೊದಲ ಅಕ್ಷರದ ಹತ್ತಿರ ಬರುತ್ತದೆ, ಹೊರಟೊಡನೆ ಮತ್ತೆ ಇಳಿಯುತ್ತದೆ. ರೈತರಿಗೆ ಫೋನ್ ಮಾಡಿದೆ. ತಾವು ಏನನ್ನೂ ಬದಲಿಸಿಲ್ಲವಂತೆ.

ವಿಂಡ್ಸರ್ ಗ್ಯಾರೇಜು

ಹಾಗಾದರೆ ಥರ್ಮೋಸ್ಟಾಟ್ ತೆರೆದ ಬಾಯಿ ಮುಚ್ಚುತ್ತಿಲ್ಲ. ಓಡುವಾಗ ಇಳಿದು ನಿಂತಾಗ ಏರುವ ಮುಳ್ಳು ಅದನ್ನೇ ಹೇಳುತ್ತಿದೆ. ಎಂಜಿನ್ ಬಿಸಿಯಾಗುವವರೆಗೆ ಕೂಲಂಟನ್ನು ರೇಡಿಯೇಟರಿಗೆ ಬಿಡದೆ ತಡೆಯುವುದು ಅದರ ಕೆಲಸ. ಬಾಯಿ ತೆರೆದೇ ಇದ್ದರೆ ಮೈನಸ್ 30ರ ಗಾಳಿಗೆ ಕೂಲಂಟ್ ಸದಾ ತಣಿಯುತ್ತಲೇ ಇರುತ್ತದೆ. ಕೂಲಂಟ್ ಕಡಿಮೆಯಾಗಿದ್ದರೆ ಹೀಟರಿನ ನಡತೆ ಸಾಮಾನ್ಯವಾಗಿ ತಿರುವುಮುರುವಾಗಿರುತ್ತದೆ: ಎಂಜಿನ್ ರೇಸ್ ಮಾಡಿದಾಗ ಬಿಸಿ, ನಿಂತಾಗ ತಣ್ಣಗೆ. ಪೆಟ್ರೋಲ್ ಹೆಚ್ಚು ಕುಡಿಯುವುದಕ್ಕೂ ಕಾರಣ ಇದೇ. ಎಂಜಿನ್ ಇನ್ನೂ ತಣ್ಣಗಿದೆ ಎಂದು ಕಂಪ್ಯೂಟರ್ ಹೆಚ್ಚು ಇಂಧನ ಬಿಡುತ್ತಲೇ ಇರುತ್ತದೆ.

195 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 90 ಸೆಲ್ಸಿಯಸ್‌ನ ಥರ್ಮೋಸ್ಟಾಟನ್ನೇ ಕೇಳಿ, 160ರದ್ದು ಕೊಟ್ಟರೆ ಬೇಡ ಎನ್ನಿ. ಜೊತೆಗೆ ಹೊಸ ಗ್ಯಾಸ್ಕೆಟ್ (ಸೋರದಂತೆ ನಡುವೆ ಇಡುವ ಹಾಳೆ). ಹಾಕುವ ಮೊದಲು ಕುದಿಯುವ ನೀರಿನ ಪಾತ್ರೆಯಲ್ಲಿ ದಾರ ಕಟ್ಟಿ ಇಳಿಬಿಡಿ. ಬಾಯಿ ತೆರೆಯಬೇಕು, ತೆಗೆದು ಆರಲು ಬಿಟ್ಟರೆ ಪೂರ್ತಿ ಮುಚ್ಚಬೇಕು. ಸ್ಪ್ರಿಂಗ್ ಇರುವ ಕಡೆ ಎಂಜಿನ್ನಿನ ಒಳಮುಖಕ್ಕೆ ಬರಲಿ. ಬೋಲ್ಟ್ ಹಳೆಯವು, ಜೋರು ಮಾಡಿದರೆ ಮುರಿಯುತ್ತವೆ. ತುಕ್ಕು ಬಿಡಿಸುವ ಎಣ್ಣೆಯನ್ನು ಹಿಂದಿನ ರಾತ್ರಿಯೇ ಹಾಕಿಡಿ. ಬರಿಯ ನೀರು ತುಂಬಿಸಬೇಡಿ. ಅರ್ಧ ಕೂಲಂಟ್, ಅರ್ಧ ಡಿಸ್ಟಿಲ್ಡ್ ನೀರು ಬೆರೆಸಿದರೆ ಸುಮಾರು ಮೈನಸ್ 37ರವರೆಗೆ ಹೆಪ್ಪುಗಟ್ಟದು. ಇನ್ನೂ ಪ್ರಬಲವಾಗಲಿ ಎಂದು ನೀರಿಲ್ಲದೆ ಹಾಕುವವರಿದ್ದಾರೆ. ಬರಿಯ ಗ್ಲೈಕಾಲ್ (ಕೂಲಂಟಿನ ಮುಖ್ಯ ದ್ರವ) ಮೈನಸ್ 13ರ ಸುಮಾರಿಗೇ ಹೆಪ್ಪುಗಟ್ಟುತ್ತದೆ, ಹಾಗೆ ಮಾಡಬೇಡಿ.

ಶಿರಸಿಯಿಂದ ಸಾಸ್ಕಟೂನ್

ಭಾನುವಾರ ಪಕ್ಕದ ಮನೆಯವರ ಬೆಚ್ಚಗಿನ ಶೆಡ್ಡಿನಲ್ಲಿ ನಮ್ಮವರು ಬದಲಿಸಿದರು. ಹಳೆಯದನ್ನು ತೊಳೆದು ದೀಪಕ್ಕೆ ಹಿಡಿದಾಗ ನಡುವಿನ ತಟ್ಟೆಯ ಅಂಚಿನಲ್ಲಿ ಉಗುರು ತೂರುವಷ್ಟು ಸಂದು ಕಂಡಿತು, ತಟ್ಟೆ ಓರೆಯಾಗಿ ಸಿಕ್ಕಿಕೊಂಡಿತ್ತು. ಹೊಸದಕ್ಕೂ ಗ್ಯಾಸ್ಕೆಟ್ಟಿಗೂ ಕೂಡಿ ಮೂವತ್ತು ಡಾಲರ್ ಒಳಗೇ ಆಯಿತು. ಈಗ ಮುಳ್ಳು ಎರಡನೇ ಅಕ್ಷರದ ಮೇಲೆ ನಿಲ್ಲುತ್ತದೆ, ಗಾಜು ತಾನಾಗಿಯೇ ತಿಳಿಯಾಗುತ್ತದೆ. ಆದರೆ ಒಂದು ಪೈಪು ಮುಟ್ಟಲಾರದಷ್ಟು ಬಿಸಿ, ಇನ್ನೊಂದು ಸ್ವಲ್ಪ ಕಡಿಮೆ. ಇದು ಸರಿಯೇ?

ವಿಂಡ್ಸರ್ ಗ್ಯಾರೇಜು

ಸರಿಯೇ. ಕೋರ್ ತನ್ನ ಬಿಸಿಯನ್ನು ನಿಮಗೆ ಕೊಟ್ಟಿದೆ, ಹಿಂದಿರುಗುವ ಪೈಪು ಅಷ್ಟು ಕಡಿಮೆ ಇರಲೇಬೇಕು. ಮುಂದೆ ಅದು ತಣ್ಣಗಾಗುತ್ತಾ ಬಂದರೆ, ಹಿಮ ಕರಗಿದ ಮೇಲೆ ಎರಡೂ ಪೈಪು ಬಿಚ್ಚಿ, ತೋಟದ ಪೈಪಿನಿಂದ ಮೆಲ್ಲಗೆ ಹಿಮ್ಮುಖವಾಗಿ ನೀರು ಹಾಯಿಸಿ ಕೋರನ್ನು ತೊಳೆಯಿರಿ. ಒತ್ತಡ ಜಾಸ್ತಿಯಾದರೆ ಹಳೆಯ ಕೋರ್ ಒಡೆಯುತ್ತದೆ. ಇಳಿಸಿದ ಕೂಲಂಟ್ ಸಿಹಿಯಾಗಿರುತ್ತದೆ, ನಾಯಿ ಬೆಕ್ಕು ನೆಕ್ಕಿದರೆ ಸಾಯುತ್ತವೆ. ಮುಚ್ಚಳವಿರುವ ಡಬ್ಬಿಯಲ್ಲಿಟ್ಟು ಊರಿನ ಅಪಾಯಕಾರಿ ತ್ಯಾಜ್ಯ ಸಂಗ್ರಹಕ್ಕೆ ಕೊಡಿ. ಒಳಗೆ ಉಳಿದ ಗಾಳಿ ಹೊರಬಂದಂತೆ ಮಟ್ಟ ಇಳಿಯುತ್ತದೆ, ಆದ್ದರಿಂದ ನಾಳೆ ಪಾಳಿಗೆ ಹೊರಡುವ ಮೊದಲು, ಎಂಜಿನ್ ತಣ್ಣಗಿರುವಾಗ, ರೇಡಿಯೇಟರಿನ ಮುಚ್ಚಳ ತೆಗೆದು ಇನ್ನೊಮ್ಮೆ ನೋಡಿಕೊಳ್ಳಿ.