ಇ16.5 ಇಲಿ ಭ್ರೂಣ: ಡೈ-ಐ ನಡುಗೆರೆ ದಾಟುತ್ತಿಲ್ಲ, ಕಂಟ್ರೋಲ್‌ಗಳಲ್ಲೂ

ನರತಂತು:
ಬಾಲ್ಬ್/ಸಿ ತಳಿಯ ಹಿನ್ನೆಲೆಯ ಮ್ಯೂಟೆಂಟ್ ಇಲಿಗಳಲ್ಲಿ ಕಾರ್ಪಸ್ ಕ್ಯಾಲೋಸಮ್ (ಮೆದುಳಿನ ಎರಡು ಗೋಳಾರ್ಧಗಳನ್ನು ಜೋಡಿಸುವ ನರತಂತುಗಳ ಕಟ್ಟು) ನೋಡುತ್ತಿದ್ದೇನೆ. ಇ16.5ರ (ಗರ್ಭದ 16.5ನೇ ದಿನ) ಮೆದುಳು, ಅಂಗಾಂಶ ಕೆಡದಂತೆ 4% ಪಿಎಫ್‌ಎಯಲ್ಲಿ ಫಿಕ್ಸ್. ಕಾರ್ಟೆಕ್ಸ್‌ನ ಪಾರ್ಶ್ವ ಭಾಗದಲ್ಲಿ ಡೈ-ಐ (ಕೋಶಪೊರೆಯಲ್ಲಿ ಹರಡಿ ತಂತುವಿನ ದಾರಿ ತೋರಿಸುವ ಹೊಳೆಯುವ ಬಣ್ಣ) ಹರಳು, 37 ಡಿಗ್ರಿಯಲ್ಲಿ 10 ದಿನ, ಆಮೇಲೆ 100 ಮೈಕ್ರಾನ್ ಕೊರೋನಲ್ (ಎಡದಿಂದ ಬಲಕ್ಕೆ ನಿಲುವಾಗಿ ಕತ್ತರಿಸಿದ) ಸೆಕ್ಷನ್. ಮ್ಯೂಟೆಂಟ್‌ನಲ್ಲಿ ತಂತು ದಾಟಿಲ್ಲ, ಆದರೆ ಅದೇ ಹೆರಿಗೆಯ ಸಾಮಾನ್ಯ ಮರಿಗಳಲ್ಲೂ ದಾಟಿಲ್ಲ. ಬಣ್ಣದ ದೋಷವೋ, ಇಲಿಯದೋ?

ಗ್ಲಿಯಾ_ಬೆಣೆ:
ಮೊದಲ ದೋಷ ಹರಳು ಇಟ್ಟ ಜಾಗದ್ದು. ಮೊದಲು ದಾಟುವುದು ಸಿಂಗ್ಯುಲೇಟ್ ಕಾರ್ಟೆಕ್ಸ್‌ನ ಮುಂಚೂಣಿ ತಂತುಗಳು, ಸುಮಾರು ಇ15.5ಕ್ಕೆ. ಪಾರ್ಶ್ವದ ನಿಯೋಕಾರ್ಟೆಕ್ಸ್‌ನಿಂದ ಬರುವವು ಅವುಗಳ ಬೆನ್ನು ಹಿಡಿದು ಬರುತ್ತವೆ. ಇ17ರ ಹೊತ್ತಿಗೆ ಹುಡುಕಿದರೆ ಸಿಗುತ್ತವೆ. ನೀವು ಇನ್ನೂ ಹೊರಡದ ಬಸ್ಸಿಗೆ ಕಾಯುತ್ತಿದ್ದೀರಿ. ಇ16.5ಕ್ಕೆ ಹರಳನ್ನು ನಡುಗೆರೆಯ ಪಕ್ಕದ ಸಿಂಗ್ಯುಲೇಟ್‌ಗೆ ಇಡಿ.

ಹರಳು ಚಿಕ್ಕದಿರಲಿ, 100ರಿಂದ 200 ಮೈಕ್ರಾನ್. ಟಂಗ್‌ಸ್ಟನ್ ಸೂಜಿಯ ತುದಿಯಿಂದ ಕಾರ್ಟೆಕ್ಸ್‌ನೊಳಕ್ಕೆ ಒತ್ತಿ, ವೆಂಟ್ರಿಕಲ್ (ಮೆದುಳಿನೊಳಗಿನ ದ್ರವದ ಕುಳಿ) ಮುಟ್ಟದಂತೆ. ಮುಟ್ಟಿದರೆ ರೇಡಿಯಲ್ ಗ್ಲಿಯಾ (ವೆಂಟ್ರಿಕಲ್‌ನಿಂದ ಮೇಲ್ಪೊರೆವರೆಗೆ ಚಾಚಿದ ಆಸರೆ ಕೋಶಗಳು) ಬಣ್ಣ ಹೀರುತ್ತದೆ. ಮೆದುಳಿನ ಮೇಲ್ಪೊರೆಗೆ ಅಂಟಿಕೊಂಡರೂ ಅದೇ ಪಾಡು. ವೆಂಟ್ರಿಕಲ್‌ನಿಂದ ಪೊರೆಗೆ ನೇರ ಹೋಗುವ ಗೆರೆಗಳು ಕಂಡರೆ ಅವು ಗ್ಲಿಯಾ, ನರತಂತುಗಳಲ್ಲ. ಎಷ್ಟೋ ಜನ ಇದನ್ನೇ ತಂತು ಎಂದು ಎಣಿಸುತ್ತಾರೆ.

10 ದಿನ ನನಗೆ ಕಡಿಮೆ ಅನಿಸುತ್ತದೆ. 0.02% ಸೋಡಿಯಂ ಅಜೈಡ್ ಇರುವ ಪಿಬಿಎಸ್ ಬಫರ್ ದ್ರಾವಣದಲ್ಲಿ ಕತ್ತಲೆಯಲ್ಲಿಟ್ಟು 2ರಿಂದ 4 ವಾರ ಕೊಡಿ. ಕತ್ತರಿಸಿದ ಮೇಲೆ ಟ್ರೈಟಾನ್ (ಡಿಟರ್ಜೆಂಟ್), ಆಲ್ಕೋಹಾಲ್, ಗ್ಲಿಸರಾಲ್ ಯಾವುದೂ ಬೇಡ, ಬಣ್ಣ ಕೋಶಪೊರೆಯಿಂದ ಬಿಟ್ಟು ಹೋಗುತ್ತದೆ. ಪಿಬಿಎಸ್‌ನಲ್ಲೇ ಹಾಕಿ ಅವತ್ತೇ ಚಿತ್ರ ತೆಗೆಯಿರಿ.

ಸೆಪ್ಟಮ್:
ಹರಳಿನ ಜಾಗ ಸರಿಮಾಡಿದರೂ ಕೊರೋನಲ್ ಸೆಕ್ಷನ್ ಮೋಸ ಮಾಡಬಹುದು. ಕೋನ ಸ್ವಲ್ಪ ಓರೆಯಾದರೂ ಹಿಂದಿನ ಹಿಪ್ಪೊಕ್ಯಾಂಪಲ್ ಕಮಿಷರ್ (ಎರಡು ಬದಿಯ ಹಿಪ್ಪೊಕ್ಯಾಂಪಸ್‌ಗಳನ್ನು ಜೋಡಿಸುವ ಕಟ್ಟು) ಅನ್ನೇ ಕ್ಯಾಲೋಸಮ್ ಎಂದುಕೊಳ್ಳುವ ಅಪಾಯವಿದೆ. ಸಮತಲ ಸೆಕ್ಷನ್‌ನಲ್ಲಿ ಮುಂದೆ ಕ್ಯಾಲೋಸಮ್, ಹಿಂದೆ ಹಿಪ್ಪೊಕ್ಯಾಂಪಲ್ ಕಮಿಷರ್, ಎರಡೂ ಒಂದೇ ಚಿತ್ರದಲ್ಲಿ ಸಿಗುತ್ತವೆ.

ವಯಸ್ಸನ್ನೂ ಪರೀಕ್ಷಿಸಿ. ಪ್ಲಗ್ (ಇಲಿಗಳು ಕೂಡಿದ್ದಕ್ಕೆ ಗುರುತಾಗಿ ಹೆಣ್ಣಿನ ಯೋನಿಯಲ್ಲಿ ಕಾಣುವ ಗಟ್ಟಿ ಬಿರಡೆ) ಕಂಡ ದಿನದ ಮಧ್ಯಾಹ್ನವನ್ನು ಇ0.5 ಎಂದರೂ ಒಂದೇ ಹೆರಿಗೆಯ ಮರಿಗಳಲ್ಲೇ ಅರ್ಧ ದಿನದ ವ್ಯತ್ಯಾಸ ಇರುತ್ತದೆ. ದಾಟುವ ಗಳಿಗೆಯಲ್ಲಿ ಅರ್ಧ ದಿನ ಬಹಳ ದೊಡ್ಡದು. ಬೆರಳುಗಳು ಬಿಡಿಬಿಡಿಯಾಗಿವೆಯೇ, ರೆಪ್ಪೆ ಮುಚ್ಚಿದೆಯೇ ಎಂದು ಬರೆದಿಡಿ. ರೆಪ್ಪೆ ಕೂಡಿದ್ದರೆ ಮರಿ ಇ17ರ ಹತ್ತಿರ ಬಂದಿದೆ.

ನರತಂತು:
ಧನ್ಯವಾದ. ಇನ್ನೊಂದು ವಿಷಯ: ಇ18.5ರ ಎರಡು ಸಾಮಾನ್ಯ ಮರಿಗಳಲ್ಲಿ ತಂತುಗಳು ನಡುಗೆರೆಯ ಎರಡೂ ಬದಿಗೆ ಸುಳಿ ಸುತ್ತಿಕೊಂಡಿವೆ.

ಗ್ಲಿಯಾ_ಬೆಣೆ:
ಹಾಗಾದರೆ ಬಣ್ಣ ಚೆನ್ನಾಗಿ ಓಡಿದೆ. ಅವು ಪ್ರಾಬ್ಸ್ಟ್ ಕಟ್ಟುಗಳು: ದಾಟಲಾಗದ ತಂತುಗಳು ಬಂದ ಬದಿಯಲ್ಲೇ ತಿರುಗಿ ಹಿಂದು-ಮುಂದಿನ ದಿಕ್ಕಿಗೆ ಓಡುತ್ತವೆ. ಬಣ್ಣ ಸಾಲದಿದ್ದರೆ ಸುಳಿ ಇರುವುದಿಲ್ಲ, ದಾರಿ ಮಧ್ಯೆ ಹೊಳಪು ಮೆಲ್ಲಗೆ ಸೋತುಹೋಗುತ್ತದೆ. ಈ ವ್ಯತ್ಯಾಸ ಗಟ್ಟಿಯಾಗಿ ನೆನಪಿಡಿ.

ಕಾರಣ ನಿಮ್ಮ ತಳಿ. ಬಾಲ್ಬ್/ಸಿ ಮತ್ತು 129 ತಳಿಗಳಲ್ಲಿ ಕ್ಯಾಲೋಸಮ್ ಕೆಲವು ಮರಿಗಳಲ್ಲಿ ಚಿಕ್ಕದಿರುತ್ತದೆ, ಕೆಲವಲ್ಲಿ ಇರುವುದೇ ಇಲ್ಲ. ಬಿಟಿಬಿಆರ್ ತಳಿಯಲ್ಲಂತೂ ಕ್ಯಾಲೋಸಮ್ ಇರುವುದಿಲ್ಲ. ಬಾಲ್ಬ್/ಸಿಯ ಕೆಲವು ಮರಿಗಳಲ್ಲಿ ದಾಟುವಿಕೆ ತಡವಾಗುತ್ತದೆ, ಆಮೇಲೆ ಚೇತರಿಸಿಕೊಳ್ಳುತ್ತದೆ. ಹಾಗಾಗಿ ‘ಇಲ್ಲ’ ಎಂಬ ತೀರ್ಮಾನ ಇ16.5ಕ್ಕೆ ಬೇಡ, ಇ18.5 ಅಥವಾ ಹುಟ್ಟಿದ ದಿನ ತೆಗೆದುಕೊಳ್ಳಿ. ಸಿ57ಬಿಎಲ್/6 ತಳಿಗೆ ಹತ್ತು ತಲೆಮಾರು ಬ್ಯಾಕ್‌ಕ್ರಾಸ್ ಮಾಡದೆ (ಆ ತಳಿಯೊಂದಿಗೇ ಮತ್ತೆ ಮತ್ತೆ ಕೂಡಿಸದೆ) ಮ್ಯೂಟೇಶನ್‌ನ ಪರಿಣಾಮ ಎಂದು ಬರೆಯಬೇಡಿ.

ಸೆಪ್ಟಮ್:
ಜೊತೆಗೆ ದಾಟುವ ನೆಲವನ್ನೂ ನೋಡಿ. ಗೋಳಾರ್ಧಗಳ ನಡುವಿನ ಬಿರುಕನ್ನು ಗ್ಲಿಯಾ ಕೋಶಗಳು ಹೊಕ್ಕು ಅಲ್ಲಿನ ಪೊರೆಯನ್ನು ಕರಗಿಸಬೇಕು. ಆ ಕೆಲಸ ನಿಂತರೆ ತಂತು ತಲುಪಿದರೂ ಗೋಡೆ ಎದುರಾಗುತ್ತದೆ. ಅಂಥ ಮೆದುಳಿನಲ್ಲಿ ಲ್ಯಾಮಿನಿನ್ (ಆ ಪೊರೆಯಲ್ಲಿರುವ ಪ್ರೋಟೀನ್) ಸ್ಟೇನ್ ಹಾಕಿದರೆ ಕ್ಯಾಲೋಸಮ್ ಇರಬೇಕಾದ ಮಟ್ಟದಲ್ಲೂ ಬಿರುಕಿನ ಗೆರೆ ಉಳಿದಿರುತ್ತದೆ. ಗ್ಲಿಯಾ ಗುರುತಿಸಲು ಇ17ರಿಂದ ಜಿಎಫ್‌ಎಪಿ ಪ್ರೋಟೀನಿನ ಸ್ಟೇನ್ ಸಾಕು, ಇ15ರಲ್ಲಿ ಅದು ಮಂಕು, ಗ್ಲಾಸ್ಟ್ ಎಂಬ ಇನ್ನೊಂದು ಗ್ಲಿಯಾ ಪ್ರೋಟೀನಿನ ಸ್ಟೇನ್ ಬಳಸಿ. ಬಿರುಕು ಸರಿಯಾಗಿ ಮುಚ್ಚಿದ್ದೂ ಸುಳಿ ಇದ್ದರೆ ಆಗ ದಾರಿ ತೋರುವ ಸಂಕೇತಗಳನ್ನು ಶಂಕಿಸಿ: ಗ್ಲಿಯಾದಿಂದ ಬರುವ ಸ್ಲಿಟ್2 ಪ್ರೋಟೀನ್, ಅದನ್ನು ಗ್ರಹಿಸುವ ತಂತುಗಳಲ್ಲಿನ ರೋಬೋ1.

ಈ ಸ್ಟೇನ್‌ಗೆ ಟ್ರೈಟಾನ್ ಬೇಕಾಗುವುದರಿಂದ ಅರ್ಧ ಮೆದುಳುಗಳನ್ನು ಡೈ-ಐಗೆ, ಉಳಿದರ್ಧವನ್ನು ಪ್ರತಿಕಾಯದ ಈ ಸ್ಟೇನ್‌ಗಳಿಗೆ ಮೊದಲೇ ಬೇರೆ ಮಾಡಿಡಿ. ಎರಡೂ ಗುಂಪಿನಲ್ಲಿ ಪ್ರತಿ ಹೆರಿಗೆಯ ಮ್ಯೂಟೆಂಟ್ ಮತ್ತು ಸಾಮಾನ್ಯ ಮರಿ ಇರಲಿ.