ಸಹಾಯ ಬೇಕು: ‘ರೇನ್ ಚೆಕ್’ ಅಂದರೆ ಆಮೇಲೆ ಸಿಗುತ್ತೇನೆ ಅಂತಲೋ, ಬೇಡ ಅಂತಲೋ?

ಎಲ್ಲರಿಗೂ ನಮಸ್ಕಾರ. ನಾನು ಧಾರವಾಡದವಳು, ಈಗ ಪುಣೆಯ ಹಿಂಜವಡಿಯಲ್ಲಿ ಕೆಲಸ. ಎರಡು ತಿಂಗಳು ಕೂತು ಮಾಡಿದ ಕೆಲಸವನ್ನು ನಮ್ಮ ಟೀಮಿನ ಅಮೆರಿಕದ ಹಿರಿಯರೊಬ್ಬರಿಗೆ ತೋರಿಸಬೇಕಿತ್ತು. ಗುರುವಾರ ಅರ್ಧ ಗಂಟೆ ಸಿಗಬಹುದಾ ಅಂತ ಮೇಲ್ ಹಾಕಿದೆ. ‘ಐ ವಿಲ್ ಹ್ಯಾವ್ ಟು ಟೇಕ್ ಎ ರೇನ್ ಚೆಕ್’ ಅಂತ ಒಂದೇ ಸಾಲು ಬಂತು.

ನಿಘಂಟು ನೋಡಿದೆ. ‘ಈಗ ಆಗಲ್ಲ, ಇನ್ನೊಮ್ಮೆ ನೋಡೋಣ’ ಅನ್ನೋ ಅರ್ಥ ಇದೆ. ಇನ್ನೂ ಹುಡುಕಿದಾಗ ಮೂಲವೂ ಸಿಕ್ಕಿತು. 1880ರ ದಶಕದಲ್ಲಿ ಅಮೆರಿಕದಲ್ಲಿ ಬೇಸ್‌ಬಾಲ್ ಆಟ ಮಳೆಯಿಂದ ನಿಂತರೆ ನೋಡಲು ಬಂದವರಿಗೆ ಒಂದು ಚೀಟಿ ಸಿಗುತ್ತಿತ್ತು, ಅದನ್ನು ತೋರಿಸಿ ಇನ್ನೊಂದು ದಿನ ದುಡ್ಡು ಕೊಡದೆ ಒಳಗೆ ಹೋಗಬಹುದಿತ್ತು. ಅಂದರೆ ಇಲ್ಲಿ ‘ಚೆಕ್’ ಅಂದರೆ ಪರೀಕ್ಷೆ ಮಾಡೋದಲ್ಲ, ಚೀಟಿ. ಎಷ್ಟು ಚೆಂದದ ಮಾತು ಅನ್ನಿಸಿತು.

ಗೊಂದಲ ಇರೋದು ಇಲ್ಲೇ. ಚೀಟಿ ತಗೊಂಡವರು ವಾಪಸ್ ಬರಲೇಬೇಕು ಅಲ್ವಾ? ಆದರೆ ಪಕ್ಕದ ಸೀಟಿನ ಮರಾಠಿ ಗೆಳತಿ ‘ಅದು ಸುಮ್ನೆ ಮರ್ಯಾದೆಗೆ ಹೇಳೋದು, ನಾವು ಬಘೂಯಾ ಅಂತೀವಲ್ಲ ಹಾಗೆ, ಮತ್ತೆ ಕೇಳಬೇಡ’ ಅನ್ನುತ್ತಾಳೆ. ನಮ್ಮೂರಲ್ಲಿ ‘ನೋಡೋಣ’ ಅಂದರೂ ಎಷ್ಟೋ ಸಲ ಇಲ್ಲ ಅಂತಲೇ ಅರ್ಥ. ಮುಂಬೈಯಲ್ಲಿರುವ ಅಣ್ಣ ಮಾತ್ರ ‘ಇನ್ನೊಂದು ದಿನ ಗೊತ್ತು ಮಾಡಿ ಬರಿ’ ಅನ್ನುತ್ತಾನೆ. ಹತ್ತು ದಿನ ಆಯಿತು, ಅವರಿಂದ ಮತ್ತೆ ಮೇಲ್ ಬಂದಿಲ್ಲ. ಕೆಲಸ ಚೆನ್ನಾಗಿ ಬಂದಿದೆ, ಅವರು ನೋಡದೆ ಹಾಗೇ ಉಳಿದುಬಿಟ್ಟರೆ ತುಂಬಾ ಬೇಜಾರಾಗುತ್ತದೆ.

ಅಮೆರಿಕದವರ ಜೊತೆ ಕೆಲಸ ಮಾಡಿದವರು ದಯವಿಟ್ಟು ಹೇಳಿ: ಆಫೀಸ್ ಮೇಲ್‌ನಲ್ಲಿ ಹೀಗೆ ಬರೆದರೆ ಮುಂದಿನ ದಿನ ಗೊತ್ತು ಮಾಡಬೇಕಾದವರು ಯಾರು, ಅವರೋ ನಾನೋ? ನಾನೇ ಮತ್ತೆ ಕೇಳಿದರೆ ತಪ್ಪು ತಿಳಿಯುತ್ತಾರಾ?