ಅಪ್ಪನ ಫೋಟೊದಲ್ಲಿರುವ ಕಾರು ಯಾವುದು?

ಕೋಡಿಬಾಗದವ:
ಅಪ್ಪ ಹಡಗಿನಲ್ಲಿ ಕೆಲಸಕ್ಕಿದ್ದವರು. 1971ರಲ್ಲಿ ಬಾಲ್ಟಿಮೋರ್ ಬಂದರಿನ ಹೊರಗೆ ಯಾರದೋ ಕಾರಿಗೆ ಒರಗಿ ತೆಗೆಸಿಕೊಂಡ ಫೋಟೊ ಕಾರವಾರದ ನಮ್ಮ ಮನೆ ಜಗುಲಿಯಲ್ಲಿ ಈಗಲೂ ತೂಗುತ್ತಿದೆ. ಮೂತಿ ಉದ್ದ, ಹಿಂಭಾಗ ಮೋಟು, ಎರಡೇ ಬಾಗಿಲು. "ಮಸ್ಟಾಂಗ್, ವಿ8" ಅಂತಾರೆ ಅಪ್ಪ, ಅಂದರೆ ಫೋರ್ಡ್ ಕಾರು, ಎರಡು ಸಾಲಲ್ಲಿ ಎಂಟು ಸಿಲಿಂಡರಿನ ಇಂಜಿನ್. ನನ್ನ ತಮ್ಮ ಪ್ಲಿಮತ್ ಕಂಪನಿಯ ಬರಾಕುಡಾ ಅಂತಾನೆ. ಯಾರದ್ದು ಸರಿ? ಹಿಂದೆ ಮಕ್ಕಳೂ ನೆಟ್ಟಗೆ ಕೂರಲಾಗದ ಈ ಕಾರಿಗೆ ಜನ ಯಾಕಷ್ಟು ಮರುಳಾದರು?

ಕುಮಟಾ ಗ್ಯಾರೇಜು:
ಹಿಂದಿನ ದೀಪ ನೋಡಿ. ಒಂದೊಂದು ಬದಿಗೆ ಮೂರು ಉದ್ದ ಪಟ್ಟಿ ಇದ್ದರೆ ಮಸ್ಟಾಂಗ್. ಹಿಂದಿನ ಗಾಜು ದೊಡ್ಡದಾಗಿ ಡಿಕ್ಕಿಯವರೆಗೂ ಇಳಿದಿದ್ದರೆ ಹಳೇ ಬರಾಕುಡಾ. ಮೊದಲು ಬಂದದ್ದು ಬರಾಕುಡಾವೇ, 1964ರ ಏಪ್ರಿಲ್ 1ಕ್ಕೆ. ಮಸ್ಟಾಂಗ್ ಬಂದದ್ದು 17ಕ್ಕೆ. ಮಸ್ಟಾಂಗ್ ಅಂದರೆ ಕಾಡುಕುದುರೆ. ಆದರೂ ಹೆಸರು ಕುದುರೆಯದ್ದೇ ಆಯ್ತು, ಈ ಜಾತಿಗೇ 'ಪೋನಿ ಕಾರ್' ಅಂದರೆ ಪುಟ್ಟ ಕುದುರೆ ಕಾರು ಅಂತಾರೆ.

ಮರುಳಾದದ್ದು ದರಕ್ಕೆ ಮಾರಾಯ್ರೆ. ಮಸ್ಟಾಂಗ್ ಆಗ 2,368 ಡಾಲರ್‌ನಿಂದ ಶುರು. ಅಡಿಯಲ್ಲಿದ್ದದ್ದು ಫೋರ್ಡ್‌ನ ಫಾಲ್ಕನ್ ಅನ್ನುವ ಸಾದಾ ಮನೆ ಕಾರಿನ ಸಾಮಾನು, ಅಂಗಿ ಮಾತ್ರ ಹೊಸದು. ಕಾಸು ಕಡಿಮೆ ಇದ್ದವನಿಗೆ ಆರು ಸಿಲಿಂಡರ್, ಇದ್ದವನಿಗೆ ವಿ8. ಎರಡು ವರ್ಷ ತುಂಬುವುದರೊಳಗೆ ಹತ್ತು ಲಕ್ಷ ಕಾರು. ಅದನ್ನು ನೋಡಿ ಬೇರೆ ಕಂಪನಿಗಳೂ ಇಂಥದ್ದೇ ಕಾರು ತಂದವು: ಆಮೇಲೆ ಕಮಾರೊ, ಫೈರ್‌ಬರ್ಡ್, 1970ಕ್ಕೆ ಚಾಲೆಂಜರ್.

ಗಲ್ಫಿನಲ್ಲಿ ಹನ್ನೊಂದು ವರ್ಷ ಸ್ಪ್ಯಾನರ್ ಹಿಡಿದವ ನಾನು. 1966ರ ಮಸ್ಟಾಂಗ್ ಒಂದು, 289 ಘನ ಇಂಚಿನ ವಿ8 ಇಂಜಿನ್, ನಮ್ಮಲ್ಲಿಗೆ ಬಂದಿತ್ತು. ಐಡಲಿನಲ್ಲಿ ಅದರ ಗುಡುಗುಡು ಕೇಳಬೇಕು. ಎಂಟು ಸಿಲಿಂಡರಿನಲ್ಲಿ ಕಿಡಿ ಹಾರುವ ಸಾಲು 1-5-4-2-6-3-7-8. 1ರಿಂದ 4 ಒಂದು ಬದಿ, ಉಳಿದದ್ದು ಇನ್ನೊಂದು. 4 ಆದ ಕೂಡಲೇ 2 ಸಿಡಿಯುತ್ತದೆ, 7 ಆದ ಕೂಡಲೇ 8. ಹೀಗೆ ಎರಡೆರಡು ಸಿಡಿತದ ಹೊಗೆ ಒಂದೇ ಬದಿಯ ಹೊಗೆಕೊಳವೆಗೆ ಬೆನ್ನುಬೆನ್ನಿಗೆ ಬೀಳ್ತದೆ, ಆ ಎಡವು ನಡಿಗೆಯ ಸದ್ದು ಅಲ್ಲಿಂದಲೇ.

ಆದರೆ ಮುಂದಿನ ಗಾಜಿನ ಬುಡದ ಗಾಳಿಕಿಂಡಿಗೆ ಒಂದು ಮಗ್ ನೀರು ಸುರಿದೆ. ಒಳಗೆ ಕಾಲಡಿಯ ಕಾರ್ಪೆಟ್ ಒದ್ದೆ! ಕಿಂಡಿಯ ಕೆಳಗಿನ ತಗಡು ತುಕ್ಕು ತಿಂದಿತ್ತು, ಈ ಕಾರಿನ ಹಳೇ ರೋಗ ಅದು. ನಮ್ಮ ಕರಾವಳಿಯ ಮಳೆಗಾಲಕ್ಕೆ ಅದನ್ನು ಬಿಟ್ಟರೆ ಗಣೇಶ ಚೌತಿ ಹೊತ್ತಿಗೆ ಒಳಗೆ ಕಪ್ಪೆ ಸಾಕಬಹುದು.

ಶಿರಸಿಯವ:
ದೇವಿಮನೆ ಘಟ್ಟ ಇಳಿಸಲಿಕ್ಕೆ ಆಗ್ತಿತ್ತಾ? ನೆಟ್ಟಗಿನ ರಸ್ತೆಯ ಕಾರು ಅಂತ ಕೇಳಿದ್ದೆ.

ಕುಮಟಾ ಗ್ಯಾರೇಜು:
ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್, ಇಳಿಜಾರಲ್ಲಿ ಕಾದು ಹಿಡಿತ ಬಿಡುವಂಥದ್ದು, ಹಿಂದೆ ಪಟ್ಟಿ ಸ್ಪ್ರಿಂಗು. ಡಿಸ್ಕ್ ಬೇಕಾದರೆ ಬೇರೆ ದುಡ್ಡು. ನಾನಂತೂ ಇಳಿಸಲ್ಲ. ಈ ಕಾರುಗಳನ್ನು ಮುಗಿಸಿದ್ದು ಘಟ್ಟವಲ್ಲ ಬಿಡಿ. ವಿಮೆ ದುಬಾರಿಯಾಯ್ತು, ಹೊಗೆಯ ಕಾನೂನು ಬಂತು, 1973ರಲ್ಲಿ ಅರಬರು ಎಣ್ಣೆ ನಿಲ್ಲಿಸಿದರು. 1974ರ ಮಸ್ಟಾಂಗಿಗೆ ವಿ8 ಇರಲೇ ಇಲ್ಲ.

ಕೋಡಿಬಾಗದವರೇ, ಮುಂದಿನ ಚಕ್ರಕ್ಕಿಂತ ಮುಂದೆ, ಮಡ್ಗಾರ್ಡಿನ ಮೇಲೆ ವಿ ಆಕಾರದ ಬಿಲ್ಲೆ ಇದೆಯಾ ನೋಡಿ. 1966ರವರೆಗಿನ ಗಾಡಿಯಾದರೆ ವಿ8ಗೆ ಅದೇ ಗುರುತು.

ಕೋಡಿಬಾಗದವ:
ಭೂತಗನ್ನಡಿ ಹಿಡಿದು ನೋಡಿದೆ. ಮೂರು ದೀಪ ಇದೆ, ತಮ್ಮ ಸೋತ. ಬಿಲ್ಲೆ ಮಾತ್ರ ಇಲ್ಲ, ಮಡ್ಗಾರ್ಡು ಬೋಳು. ಅಪ್ಪನಿಗೆ ತೋರಿಸಿದೆ. ಕನ್ನಡಕ ಏರಿಸಿ ಸ್ವಲ್ಪ ಹೊತ್ತು ನೋಡಿ, "ಉದುರಿ ಹೋಗಿರ್ಬೇಕು" ಅಂದರು.